ಮೊಮ್ಮಗನಿಗೆ ಅಂದ್ರೇಯಾ ಅಂತ ಹೆಸರಿಡಬಹುದಾ?

ಪ್ರಶ್ನೆ: ನನ್ನ ಮಗಳು ಓದಲು ಅಂತ ಇಟಲಿಯ ಟುರಿನ್‌ಗೆ ಹೋದವಳು ಅಲ್ಲೇ ಕೆಲಸಕ್ಕೆ ಸೇರಿ, ಅಲ್ಲಿನ ಹುಡುಗನನ್ನೇ ಮದುವೆಯಾದಳು. ಈಗ ಏಳು ತಿಂಗಳ ಬಸುರಿ. ಮಗು ಗಂಡೋ ಹೆಣ್ಣೋ ಅಂತ ಅಲ್ಲಿ ಮೊದಲೇ ಹೇಳುತ್ತಾರಂತೆ. ಗಂಡು ಮಗು. ಅಳಿಯ 'ಆಂಡ್ರಿಯಾ' ಅಂತ ಹೆಸರಿಡೋಣ ಅಂತಿದ್ದಾರೆ, ಮಗಳೂ ಒಪ್ಪಿದ್ದಾಳೆ. ನಮಗೆ ಕೇಳಿ ಗಾಬರಿಯಾಯಿತು. ನಮ್ಮ ಬೀದಿಯಲ್ಲೇ ಆಂಡ್ರಿಯಾ ಅಂತ ಒಬ್ಬ ಹುಡುಗಿ ಇದ್ದಾಳೆ. ಇದು ಹೆಣ್ಣುಮಕ್ಕಳ ಹೆಸರಲ್ಲವೇ? ಇದರ ಅರ್ಥ ಏನು? ಮುಂದೆ ಮಗುವಿಗೆ ತೊಂದರೆ ಆಗುವುದಿಲ್ಲವೇ? ಜೊತೆಗೆ ನಮ್ಮ ಕಡೆಯ ಒಂದು ಹೆಸರು ಸೇರಿಸಲು ಅಲ್ಲಿ ಬಿಡುತ್ತಾರೆಯೇ?
ಶಿವಮೊಗ್ಗದ ಓದುಗರು

ಉತ್ತರ: ಮೊದಲು ಗಾಬರಿ ಬಿಡಿ. ಇಟಲಿಯಲ್ಲಿ ಇದು ಗಂಡುಮಕ್ಕಳ ಹೆಸರು. ಇವತ್ತು ನಿನ್ನೆಯದಲ್ಲ, ನೂರಾರು ವರ್ಷಗಳಿಂದ ಹಾಗೇ ಇದೆ. ಟುರಿನ್‌ನ ಯಾವುದಾದರೂ ಚೌಕದಲ್ಲಿ ನಿಂತು ಈ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವವರಲ್ಲಿ ಗಂಡಸರೇ ಜಾಸ್ತಿ. ನಿಮ್ಮ ಬೀದಿಯ ಹುಡುಗಿಯ ಹೆಸರೂ ತಪ್ಪಲ್ಲ. ಅದು ಬೇರೆ ದಾರಿಯಿಂದ ಬಂದದ್ದು. ಇಂಗ್ಲಿಷಿನಲ್ಲಿ ಗಂಡಸಿಗೆ ಆಂಡ್ರ್ಯೂ ಅಂತಾರೆ, ಜರ್ಮನ್ನಿನಲ್ಲಿ ಆಂದ್ರೆಯಾಸ್, ಸ್ಪ್ಯಾನಿಷಿನಲ್ಲಿ ಆಂದ್ರೆಸ್. ಈ ಮೂರೂ ಭಾಷೆಗಳಲ್ಲಿ ಆಂಡ್ರಿಯಾ ಅನ್ನುವ ರೂಪ ಹೆಣ್ಣುಮಕ್ಕಳ ಪಾಲಿಗೆ ಬಂತು. ನಮ್ಮ ಕರಾವಳಿಯಲ್ಲಿ, ಗೋವಾದಲ್ಲಿ, ಬೆಂಗಳೂರಿನಲ್ಲಿ ನಾವು ಕೇಳುವುದು ಆ ರೂಪವನ್ನೇ. ಇಟಲಿಯಲ್ಲಿ ಮಾತ್ರ ಮೂಲದ ಗಂಡು ಹೆಸರೇ ಈ ಆಕಾರದಲ್ಲಿ ಉಳಿದುಕೊಂಡಿತು.

ಉಚ್ಚಾರಣೆಯೂ ಬೇರೆ. 'ಆಂಡ್ರಿಯಾ' ಅನ್ನುವುದು ಇಂಗ್ಲಿಷ್ ಓದು. ಇಟಾಲಿಯನ್ನರು 'ಅಂದ್ರೇಯಾ' ಅಂತಾರೆ. ಅಲ್ಲಿರುವುದು ಡಕಾರ ಅಲ್ಲ, ನಮ್ಮ ದಕಾರ. ಒತ್ತು ನಡುವಿನ 'ದ್ರೇ' ಮೇಲೆ ಬೀಳುತ್ತದೆ. ರೋಮ್ ಮತ್ತು ಅದರ ದಕ್ಷಿಣಕ್ಕೆ ಹೋದರೆ ಕರೆಯುವಾಗ ಕೊನೆಯನ್ನು ನುಂಗಿ 'ಅಂದ್ರೇ!' ಅಂತ ಕೂಗುತ್ತಾರೆ. ಅಜ್ಜಿಗೆ ಇದರಲ್ಲಿ ಒಂದು ಅನುಕೂಲ ಇದೆ. ಇಂಗ್ಲಿಷ್ ಕಲಿತ ನಾಲಿಗೆಗಿಂತ ಕನ್ನಡದ ನಾಲಿಗೆಗೆ ಈ ಹೆಸರು ಸರಿಯಾಗಿ ಬರುತ್ತದೆ. ಬರೆದ ಹಾಗೇ ಓದಿದರೆ ಸಾಕು.

ಇನ್ನು ಮೂಲ. ಇದು ಹುಟ್ಟಾ ಇಟಲಿಯದಲ್ಲ, ಗ್ರೀಕ್ ಹೆಸರು. ಗ್ರೀಕಿನಲ್ಲಿ ಆಂದ್ರೆಯಾಸ್. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬ ಈ ಹೆಸರಿನವನು. ಗಲಿಲಾಯದ ಬೇತ್ಸಾಯಿದ ಊರಿನ ಬೆಸ್ತ, ಪೇತ್ರನ ಒಡಹುಟ್ಟಿದವನು. ನನಗೆ ಈ ಅಣ್ಣತಮ್ಮಂದಿರ ಹೆಸರಲ್ಲೇ ಆ ಕಾಲದ ಗಲಿಲಾಯ ಪೂರ್ತಿ ಕಾಣುತ್ತದೆ. ಒಬ್ಬನಿಗೆ ಸೀಮೋನ ಅಂತ ಯೆಹೂದಿ ಹೆಸರು, ಇನ್ನೊಬ್ಬನಿಗೆ ಶುದ್ಧ ಗ್ರೀಕ್ ಹೆಸರು. ಒಂದೇ ಮನೆಯಲ್ಲಿ ಎರಡು ಭಾಷೆಯ ಹೆಸರು. ನಿಮ್ಮ ಮಗಳ ಮನೆಯಲ್ಲೂ ಇನ್ನು ಹಾಗೇ ಆಗಲಿದೆ.

ಕನ್ನಡದ ಬೈಬಲಿನಲ್ಲಿ ಈ ಶಿಷ್ಯನ ಹೆಸರು ಹೇಗಿದೆ ನೋಡಿ: ಅಂದ್ರೆಯ. ಆಂಡ್ರ್ಯೂ ಅಲ್ಲ, ಆಂಡ್ರಿಯಾ ಅಲ್ಲ. ಅನುವಾದ ಮಾಡಿದವರು ಗ್ರೀಕಿನ ಹೆಸರನ್ನೇ ಕನ್ನಡದ ಬಾಯಿಗೆ ಒಗ್ಗಿಸಿಕೊಂಡರು. 'ಅಂದ್ರೆಯನು ಬಂದನು' ಅಂತ ಕನ್ನಡಿಗರು ಓದುತ್ತಲೇ ಬಂದಿದ್ದಾರೆ. ನಿಮ್ಮ ಅಳಿಯ ಆರಿಸಿದ ಹೆಸರು ಗಂಡು ಹೆಸರಾಗಿಯೇ ಕನ್ನಡಕ್ಕೆ ಬಂದು ಬಹಳ ಕಾಲವಾಯಿತು.

ಅರ್ಥ ಕೇಳಿದ್ದೀರಿ. ಗ್ರೀಕಿನಲ್ಲಿ 'ಆನೇರ್' ಅಂದರೆ ಗಂಡಸು. ಪದ ರೂಪ ಬದಲಿಸುವಾಗ ಅದು 'ಆಂದ್ರೋಸ್' ಆಗುತ್ತದೆ. ಅದರಿಂದ 'ಆಂದ್ರೇಯಾ' ಅನ್ನುವ ಒಂದು ನಾಮಪದವೂ ಹುಟ್ಟಿತು. ಅದಕ್ಕೆ ಧೈರ್ಯ, ಕೆಚ್ಚು ಅನ್ನುವ ಅರ್ಥ. ಹಾಗಾಗಿ ಹೆಸರಿನ ಅರ್ಥ ಗಂಡಸು, ಧೀರ. ಅಲೆಕ್ಸಾಂಡರ್ ಹೆಸರಿನ ಕೊನೆಯಲ್ಲಿರುವುದೂ ಇದೇ ಬೇರು. ನಿಮಗೆ ಖುಷಿ ಕೊಡುವ ಸಂಗತಿ ಮುಂದಿದೆ. ಗ್ರೀಕಿನ ಈ 'ಆನೇರ್' ಮತ್ತು ಸಂಸ್ಕೃತದ 'ನರ' ಒಂದೇ ಬೇರಿನಿಂದ ಕವಲೊಡೆದ ಪದಗಳು. ಸುಮ್ನೆ ಕಿವಿಗೆ ಒಂದೇ ಥರ ಕೇಳಿಸುತ್ತದೆ ಅಂತ ಹೇಳುವ ಮಾತಲ್ಲ ಇದು. ಭಾಷಾ ವಿಜ್ಞಾನಿಗಳು ಎರಡನ್ನೂ ಒಂದೇ ಮೂಲಕ್ಕೆ ಒಯ್ದು ತೋರಿಸಿದ್ದಾರೆ. ನರಸಿಂಹ, ನರಹರಿ, ನರೇಂದ್ರ ಅನ್ನುವ ಹೆಸರುಗಳಲ್ಲಿ ಇರುವ ನರನೇ ಅಂದ್ರೇಯಾದ ಒಳಗೂ ಇದ್ದಾನೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇಲ್ಲ. ಹೆಣ್ಣು ಹೆಸರೇ ಅಂತ ಕೇಳಿದಿರಲ್ಲ, ಆ ಹೆಸರಿನ ಬೇರೇ 'ಗಂಡಸು'.

ಹಾಗಾದರೆ ಕೊನೆಯಲ್ಲಿ 'ಆ' ಯಾಕೆ ಬಂತು? ಗ್ರೀಕಿನಿಂದ ಲ್ಯಾಟಿನ್ನಿಗೆ ಬಂದಾಗ ಆಂದ್ರೆಯಾಸ್ ಹಾಗೇ ಉಳಿಯಿತು. ಲ್ಯಾಟಿನ್ ಸವೆದು ಇಟಾಲಿಯನ್ ಆಗುವಾಗ ಪದದ ಕೊನೆಯ ಸಕಾರ ಬಿದ್ದುಹೋಯಿತು. ಲೂಕಾಸ್ ಇದ್ದವನು ಲೂಕಾ ಆದ. ಮತ್ತಿಯಾಸ್ ಮತ್ತಿಯಾ ಆದ, ಎಲಿಯಾಸ್ ಎಲಿಯಾ ಆದ, ತೋಬಿಯಾಸ್ ತೋಬಿಯಾ ಆದ. ಆಂದ್ರೆಯಾಸ್ ಅಂದ್ರೇಯಾ ಆದ. ಇವೆಲ್ಲ ಗಂಡಸರ ಹೆಸರೇ. ನಿಕೋಲಾ ಕೂಡ ಇಟಲಿಯಲ್ಲಿ ಗಂಡಸು, ನಮಗೆ ಕೇಳಿದರೆ ಹುಡುಗಿ ಅನ್ನಿಸುತ್ತದೆ. ಇಟಾಲಿಯನ್ನಿನಲ್ಲಿ ಸಾಮಾನ್ಯವಾಗಿ ಓಕಾರದಲ್ಲಿ ಮುಗಿದರೆ ಗಂಡು, ಆಕಾರದಲ್ಲಿ ಮುಗಿದರೆ ಹೆಣ್ಣು. ಮಾರಿಯೊ, ಮರಿಯಾ. ಪಾವ್ಲೊ, ಪಾವ್ಲಾ. ಈ ಹಳೆಯ ಹೆಸರುಗಳು ಆ ನಿಯಮಕ್ಕೆ ಸಿಗುವುದಿಲ್ಲ. ಅಲ್ಲಿನ ಮಕ್ಕಳಿಗೆ ಇದನ್ನು ಯಾರೂ ಕೂರಿಸಿ ಹೇಳಿಕೊಡಬೇಕಾಗಿಲ್ಲ. ಕ್ಲಾಸಿನಲ್ಲಿ ಒಬ್ಬ ಲೂಕಾ, ಒಬ್ಬ ಮತ್ತಿಯಾ, ಒಬ್ಬ ಅಂದ್ರೇಯಾ ಇದ್ದೇ ಇರುತ್ತಾರೆ.

ಹೆಸರು ಇಟಲಿಯಲ್ಲಿ ಇಷ್ಟು ಬೇರೂರಲು ಸಂತನೆನಿಸಿದ ಈ ಶಿಷ್ಯ ಅಂದ್ರೆಯನ ಮೇಲಿನ ಭಕ್ತಿಯೇ ಕಾರಣ. ಅದರಲ್ಲಿ ದಕ್ಷಿಣ ಇಟಲಿಯ ಕಡಲ ತೀರದ ಊರು ಅಮಾಲ್ಫಿಯ ಕಥೆ ಹೇಳಲೇಬೇಕು. ಸಂಪ್ರದಾಯದ ಪ್ರಕಾರ ಅಂದ್ರೆಯನನ್ನು ಗ್ರೀಸಿನ ಪಾತ್ರಾಸ್ ಊರಲ್ಲಿ ಓರೆಯಾದ ಶಿಲುಬೆಗೆ ಕಟ್ಟಿ ಕೊಂದರು. ಸ್ಕಾಟ್ಲೆಂಡಿನ ಬಾವುಟದಲ್ಲಿ ಕಾಣುವ ಅಡ್ಡಗೆರೆಗಳು ಆ ಶಿಲುಬೆಯೇ. ಅವನ ಅಸ್ಥಿಗಳು ಮುಂದೆ ಈಗ ಇಸ್ತಾಂಬುಲ್ ಅನ್ನುವ ಕಾನ್‌ಸ್ಟಾಂಟಿನೋಪಲ್ ಸೇರಿದವು. 1204ರಲ್ಲಿ ನಾಲ್ಕನೇ ಕ್ರುಸೇಡಿನ, ಅಂದರೆ ಕ್ರೈಸ್ತರ ಧರ್ಮಯುದ್ಧದ, ಸೈನ್ಯ ಆ ನಗರವನ್ನು ಕೊಳ್ಳೆ ಹೊಡೆಯಿತು. ಪೋಪರ ಪ್ರತಿನಿಧಿಯಾಗಿ ಹೋಗಿದ್ದ ಕಾರ್ಡಿನಲ್ ಪಿಯೆತ್ರೊ ಕಪುವಾನೊ ಅಮಾಲ್ಫಿಯವನು. ಅವನು 1208ರಲ್ಲಿ ಆ ಅಸ್ಥಿಗಳನ್ನು ತನ್ನ ಊರಿಗೆ ತಂದ. ಇವತ್ತಿಗೂ ಅವು ಅಮಾಲ್ಫಿ ಕ್ಯಾಥೆಡ್ರಲಿನ ನೆಲಮಾಳಿಗೆಯಲ್ಲಿವೆ. ಆ ಊರಿಗೆ ಅವನೇ ಕಾಯುವ ದೇವರು ಇದ್ದ ಹಾಗೆ.

1544ರಲ್ಲಿ ಒಟ್ಟೋಮನ್ ತುರ್ಕರ ನೌಕಾಪತಿ ಖೈರುದ್ದೀನ್ ಬಾರ್ಬರೊಸ್ಸಾನ ಹಡಗುಗಳು ಅಮಾಲ್ಫಿಯ ಮೇಲೆ ಏರಿ ಬಂದವು. ಅಷ್ಟರಲ್ಲಿ ಬಿರುಗಾಳಿ ಎದ್ದು ಅವನ್ನು ಚದುರಿಸಿತು. ಅದು ಸಂತನ ಕೃಪೆ ಅಂತ ಊರವರು ನಂಬಿದರು. ಆ ನೆನಪಿಗೆ ಪ್ರತಿ ವರ್ಷ ಜೂನ್ 27ಕ್ಕೆ ಹಬ್ಬ ನಡೆಯುತ್ತದೆ. ಸಂತನ ಭಾರವಾದ ಮೂರ್ತಿಯನ್ನು ಹೆಗಲ ಮೇಲೆ ಹೊತ್ತ ಗಂಡಸರು ಕ್ಯಾಥೆಡ್ರಲಿನ ಕಡಿದಾದ ಮೆಟ್ಟಿಲುಗಳನ್ನು ಓಡಿಕೊಂಡೇ ಹತ್ತುತ್ತಾರೆ. ತೇರು ಎಳೆಯುವುದನ್ನು ಕಂಡ ನಮಗೆ ಆ ಗದ್ದಲ, ಆ ಹುಮ್ಮಸ್ಸು ಹೊಸದಲ್ಲ. ಮುಖ್ಯ ಹಬ್ಬ ನವೆಂಬರ್ 30ಕ್ಕೆ. ಇಟಲಿಯಲ್ಲಿ ಹುಟ್ಟಿದ ದಿನದ ಜೊತೆ ಹೆಸರಿನ ದಿನವನ್ನೂ ನೆನೆಯುತ್ತಾರೆ. ಅದಕ್ಕೆ 'ಒನೊಮಾಸ್ತಿಕೊ' ಅಂತಾರೆ. ನಿಮ್ಮ ಮೊಮ್ಮಗನಿಗೆ ಅದು ನವೆಂಬರ್ 30. ಆವತ್ತು ನೀವು ಫೋನ್ ಮಾಡಿ 'ಔಗೂರಿ' (ಶುಭಾಶಯ) ಅಂತ ಹೇಳಿದರೆ ನಿಮ್ಮ ಬೀಗರಿಗೆ ಎಷ್ಟು ಸಂತೋಷ ಆಗುತ್ತದೆ ಅಂತ ನೋಡುವಿರಂತೆ.

ಈ ಹೆಸರು ಹೊತ್ತವರ ಸಾಲು ದೊಡ್ಡದು. ಬಾರ್ಬರೊಸ್ಸಾನ ಎದುರು ನೌಕಾಪಡೆ ನಡೆಸಿದ ಜಿನೋವಾದ ಅಂದ್ರೇಯಾ ದೋರಿಯಾ 1466ರಲ್ಲಿ ಹುಟ್ಟಿ 1560ರವರೆಗೆ ಬದುಕಿದವನು. ಅವನ ಹೆಸರಿನ ಪ್ರಯಾಣಿಕರ ಹಡಗು 1956ರ ಜುಲೈನಲ್ಲಿ ಅಮೆರಿಕದ ನ್ಯಾಂಟಕೆಟ್ ದ್ವೀಪದ ಹತ್ತಿರ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಹೊರಗಿನ ಜಗತ್ತಿಗೆ ಈ ಹೆಸರು ಜಾಸ್ತಿ ಕೇಳಿಸಿದ್ದು ಆಗಲೇ ಇರಬೇಕು. ಲಿಯೊನಾರ್ದೊ ದ ವಿಂಚಿಗೆ ಫ್ಲಾರೆನ್ಸಿನಲ್ಲಿ ಗುರುವಾಗಿದ್ದವನು ಅಂದ್ರೇಯಾ ದೆಲ್ ವೆರೊಕ್ಕಿಯೊ. ವಿಚೆಂತ್ಸಾ ಊರಿನ ಸುತ್ತ ಬಂಗಲೆಗಳನ್ನು ಕಟ್ಟಿ, ಮುಂದಿನ ಕಾಲದ ಯುರೋಪು, ಅಮೆರಿಕದ ಕಟ್ಟಡಗಳಿಗೆ ಮಾದರಿ ಹಾಕಿಕೊಟ್ಟವನು ಅಂದ್ರೇಯಾ ಪಲ್ಲಾದಿಯೊ. ಅಂದ್ರೇಯಾ ದೆಲ್ ಸಾರ್ತೊ ಅನ್ನುವ ಚಿತ್ರಕಾರನ ಅಪ್ಪ ದರ್ಜಿ. 'ಸಾರ್ತೊ' ಅಂದರೆ ದರ್ಜಿ, ಹಾಗಾಗಿ ಆ ಹೆಸರು.

ಇವರೆಲ್ಲರಿಗಿಂತ ನಮಗೆ ಹತ್ತಿರದವನು ಇನ್ನೊಬ್ಬ ಇದ್ದಾನೆ. ಉತ್ತರ ಇಟಲಿಯ ಕ್ರೆಮೋನಾ ಊರಿನ ಅಂದ್ರೇಯಾ ಅಮಾತಿ. ಈಗ ಉಳಿದಿರುವ ಅತಿ ಹಳೆಯ ಪಿಟೀಲುಗಳು 16ನೇ ಶತಮಾನದಲ್ಲಿ ಅವನ ಕೈಯಲ್ಲಿ ಆದವು. ಪಿಟೀಲಿಗೆ ಈಗಿರುವ ಆಕಾರ ಕೊಟ್ಟವರಲ್ಲಿ ಅವನು ಮೊದಲಿನವನು. ಕಚೇರಿಯಲ್ಲಿ ಹಾಡುವವರ ಪಕ್ಕ ಪಿಟೀಲು ಕೇಳುವಾಗ ಅವನನ್ನು ನೆನೆಯಬಹುದು. ನಮ್ಮ ಕಾಲದವರಲ್ಲಿ ಹಾಡುಗಾರ ಅಂದ್ರೇಯಾ ಬೊಚೆಲ್ಲಿ ಇದ್ದಾರೆ. 2006ರಲ್ಲಿ ಫುಟ್‌ಬಾಲ್ ವಿಶ್ವಕಪ್ ಗೆದ್ದ ತಂಡದ ಅಂದ್ರೇಯಾ ಪಿರ್ಲೊ ಇದ್ದಾರೆ. ಶಿವಮೊಗ್ಗದಲ್ಲಿ ಯಾರಾದರೂ ಹುಬ್ಬೇರಿಸಿದರೆ ಈ ಎರಡು ಹೆಸರು ಹೇಳಿ, ಸಾಕು.

ಜನಪ್ರಿಯತೆ ವಿಷಯಕ್ಕೆ ಬರೋಣ. ಎರಡನೇ ಮಹಾಯುದ್ಧ ಮುಗಿದ ಕಾಲದ ಇಟಲಿಯಲ್ಲಿ ಜುಸೆಪ್ಪೆ, ಆಂತೋನಿಯೊ, ಜೊವಾನ್ನಿ ಹೆಸರುಗಳದೇ ರಾಜ್ಯ. 1970ರಿಂದಾಚೆ ಅಂದ್ರೇಯಾ ಏರುತ್ತಾ ಬಂತು. ಈಗ ನಲವತ್ತು, ಐವತ್ತರ ಆಸುಪಾಸಿನ ಇಟಾಲಿಯನ್ ಗಂಡಸರಲ್ಲಿ ಈ ಹೆಸರು ಬೇಕಾದಷ್ಟು. 2000ದ ದಶಕದಲ್ಲೂ ಫ್ರಾಂಚೆಸ್ಕೊ, ಅಲೆಸ್ಸಾಂದ್ರೊ ಹೆಸರುಗಳ ಜೊತೆ ಇದು ಪಟ್ಟಿಯ ಮೇಲ್ತುದಿಯಲ್ಲೇ ಇತ್ತು. 2018ರಿಂದ ಲಿಯೊನಾರ್ದೊ ಮೊದಲ ಸ್ಥಾನಕ್ಕೆ ಬಂದು ಅಲ್ಲೇ ಕೂತಿದೆ. ಅಂದ್ರೇಯಾ ಸ್ವಲ್ಪ ಕೆಳಗಿಳಿದಿದೆ. ಹಾಗಂತ ಹಳೆಯದಾಯಿತು ಅಂತಲ್ಲ. ಇಟಲಿಯಲ್ಲಿ ಹುಟ್ಟುವ ಮಕ್ಕಳೇ ಕಡಿಮೆ ಆಗುತ್ತಿದ್ದಾರೆ. 2008ರಲ್ಲಿ 5.7 ಲಕ್ಷಕ್ಕೂ ಜಾಸ್ತಿ ಮಕ್ಕಳು ಹುಟ್ಟಿದ್ದರು. 2023ರಲ್ಲಿ ಸುಮಾರು 3.8 ಲಕ್ಷ. ಹಾಗಾಗಿ ಎಷ್ಟು ಮಕ್ಕಳಿಗೆ ಇಟ್ಟರು ಅನ್ನುವ ಲೆಕ್ಕ ನೋಡಿದರೆ ಎಲ್ಲ ಹಳೆಯ ಹೆಸರುಗಳೂ ಇಳಿದ ಹಾಗೇ ಕಾಣುತ್ತವೆ. ನನ್ನ ಮಟ್ಟಿಗೆ ಇದು ಒಳ್ಳೆಯ ಕಾಲ. ಎಲ್ಲರಿಗೂ ಗೊತ್ತಿರುವ ಹೆಸರು, ಆದರೆ ಒಂದೇ ಕ್ಲಾಸಿನಲ್ಲಿ ನಾಲ್ಕು ಜನ ಇರುವುದಿಲ್ಲ.

ಹೆಣ್ಣುಮಕ್ಕಳಿಗೆ ಇಟಲಿಯಲ್ಲಿ ಇಡುವುದೇ ಇಲ್ಲವಾ ಅಂದರೆ, ಈಗ ಇಡುತ್ತಾರೆ. ಮೊದಲು ಹುಡುಗಿಯರಿಗೆ ಅಂದ್ರೇಯಿನಾ ಅನ್ನುವ ರೂಪ ಇತ್ತು. 2000ದಲ್ಲಿ ಬಂದ ನಾಗರಿಕ ದಾಖಲೆಗಳ ನಿಯಮ ಹೇಳುವುದು ಇಷ್ಟು: ಮಗುವಿನ ಹೆಸರು ಅದರ ಲಿಂಗಕ್ಕೆ ಹೊಂದಬೇಕು. ಹಾಗಾಗಿ ಹುಡುಗಿಗೆ ಅಂದ್ರೇಯಾ ಅಂತ ಇಡಲು ಹೋದವರನ್ನು ಅಧಿಕಾರಿಗಳು ತಡೆಯುತ್ತಿದ್ದರು. ತಸ್ಕನಿಯ ದಂಪತಿಯೊಬ್ಬರು ಮಗಳಿಗಾಗಿ ಕೋರ್ಟು ಹತ್ತಿದರು. ಕೆಳಗಿನ ಕೋರ್ಟುಗಳಲ್ಲಿ ಸೋತರು. 2012ರ ನವೆಂಬರಿನಲ್ಲಿ ರೋಮ್‌ನ ಕಸ್ಸಾತ್ಸಿಯೋನೆ, ಅಂದರೆ ಮೇಲ್ಮನವಿಯ ಕೊನೆಯ ಕೋರ್ಟು, ಅವರ ಪರ ತೀರ್ಪು ಕೊಟ್ಟಿತು. ಹೊರದೇಶಗಳ ಬಳಕೆಯಿಂದಾಗಿ ಈ ಹೆಸರು ಈಗ ಗಂಡಸರಿಗಷ್ಟೇ ಮೀಸಲಲ್ಲ, ಹುಡುಗಿಗೆ ಇಟ್ಟರೆ ನಗೆಪಾಟಲಾಗುವ ಹೆಸರೂ ಅಲ್ಲ ಅನ್ನುವುದು ಕೋರ್ಟಿನ ನಿಲುವು. ಯೋಚನೆ ಮಾಡಿ, ಅಲ್ಲಿ ಕೋರ್ಟಿನವರೆಗೆ ಹೋಗಬೇಕಾಗಿ ಬಂದದ್ದು ಹುಡುಗಿಯ ಅಪ್ಪ ಅಮ್ಮ. ಹುಡುಗನ ಹೆಸರಿನ ಬಗ್ಗೆ ಅನುಮಾನವೇ ಇರಲಿಲ್ಲ.

ಹೆಸರಿನ ವಿಷಯದಲ್ಲಿ ಇಟಲಿ ಸ್ವಲ್ಪ ಬಿಗಿ. ಜಿನೋವಾದ ದಂಪತಿಯೊಬ್ಬರು ಮಗನಿಗೆ 'ವೆನೆರ್ದಿ', ಅಂದರೆ ಶುಕ್ರವಾರ, ಅಂತ ಇಟ್ಟಾಗ ನ್ಯಾಯಾಧೀಶರು ಒಪ್ಪಲಿಲ್ಲ. ಹುಟ್ಟಿದ ದಿನದ ಸಂತನ ಹೆಸರಾದ ಗ್ರೆಗೋರಿಯೊ ಅಂತ ಬದಲಾಯಿಸಿದರು. ಬದುಕಿರುವ ಅಪ್ಪನ ಹೆಸರನ್ನೂ ಮಗನಿಗೆ ಇಡುವಂತಿಲ್ಲ. ಅಜ್ಜನ ಹೆಸರು ಇಡಬಹುದು, ಇಡುವುದು ವಾಡಿಕೆಯೂ ಹೌದು. ದಕ್ಷಿಣ ಇಟಲಿಯಲ್ಲಂತೂ ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರು ಇಡುವುದು ನಮ್ಮ ಹಾಗೇ ಹಳೆಯ ಪದ್ಧತಿ. ಅಳಿಯ ಈ ಹೆಸರನ್ನೇ ಯಾಕೆ ಆರಿಸಿದರು ಅಂತ ಒಮ್ಮೆ ಪ್ರೀತಿಯಿಂದ ಕೇಳಿ. ಅದು ಅವರ ತಾತನ ಹೆಸರೇ ಆಗಿದ್ದರೆ? ಬೇಡ ಅನ್ನುವ ಮುಂಚೆ ಇದು ಗೊತ್ತಿದ್ದರೆ ಒಳ್ಳೆಯದು, ಅಲ್ವಾ?

ಇನ್ನು ತೊಂದರೆ. ಇಟಲಿಯ ಒಳಗೆ ಇಲ್ಲ. ಹೊರಗೆ ಒಂದಿಷ್ಟು ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮುಂದೆ ಅವನು ಓದಲು ಅಮೆರಿಕಕ್ಕೋ ಜರ್ಮನಿಗೋ ಹೋದರೆ, ಮುಖ ನೋಡದೆ ಇಮೇಲ್ ಬರೆಯುವವರು ಹುಡುಗಿ ಅಂದುಕೊಳ್ಳುತ್ತಾರೆ. ವಿಮಾನದ ಟಿಕೆಟ್ ಬುಕ್ ಮಾಡುವಾಗ ನೆಂಟರು ಹೆಸರು ನೋಡಿ 'ಮಿಸ್' ಅಂತ ಒತ್ತಿಬಿಡಬಹುದು. ನೀವು ಇಲ್ಲಿಂದ ಮಾಡಿಸುವ ಕಾಗದಗಳಲ್ಲಿ, ಓಸಿಐ ಕಾರ್ಡಿನ (ಹೊರದೇಶದ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಕಾರ್ಡು) ಅರ್ಜಿಯಲ್ಲಿ, ಲಿಂಗದ ಕಾಲಂ ಸರಿ ಇದೆಯಾ ಅಂತ ಎರಡು ಸಲ ನೋಡಿ. ಇಟಲಿಯಲ್ಲಿ ಎಲ್ಲರಿಗೂ 'ಕೋದಿಚೆ ಫಿಸ್ಕಾಲೆ' ಅಂತ 16 ಅಕ್ಷರ, ಅಂಕಿಗಳ ತೆರಿಗೆ ಸಂಖ್ಯೆ ಇರುತ್ತದೆ. ಹುಟ್ಟಿದ ಮಗುವಿಗೂ ಕೊಡುತ್ತಾರೆ. ಹುಟ್ಟಿದ ತಾರೀಖು ಅದರೊಳಗೇ ಇರುತ್ತದೆ. ಹುಡುಗಿಯಾದರೆ ತಾರೀಖಿಗೆ 40 ಕೂಡಿಸುತ್ತಾರೆ. 12ನೇ ತಾರೀಖು ಹುಟ್ಟಿದ ಹುಡುಗನಿಗೆ 12, ಹುಡುಗಿಗೆ 52. ಹಾಗಾಗಿ ಸಂಖ್ಯೆ ಕೈಗೆ ಬಂದಾಗ ಮಗಳು ಆ ಎರಡು ಅಂಕಿ ನೋಡಿಕೊಂಡರೆ ಮುಂದಿನ ತಲೆನೋವು ತಪ್ಪುತ್ತದೆ.

ನಿಮ್ಮ ಕಡೆಯ ಹೆಸರು ಖಂಡಿತ ಸೇರಿಸಬಹುದು. ಒಂದು ಮಗುವಿಗೆ ಮೂರು ಹೆಸರಿನವರೆಗೆ ಕಾನೂನು ಬಿಡುತ್ತದೆ. ಆದರೆ ಇಲ್ಲಿ ಒಂದು ಅಲ್ಪವಿರಾಮ ಬಹಳ ಮುಖ್ಯ. ಎರಡು ಹೆಸರುಗಳ ನಡುವೆ ಅಲ್ಪವಿರಾಮ ಹಾಕಿ ಬರೆಸಿದರೆ ಪ್ರಮಾಣಪತ್ರಗಳಲ್ಲಿ ಮೊದಲ ಹೆಸರು ಮಾತ್ರ ಬರುತ್ತದೆ. ಹಾಕದೆ ಬರೆಸಿದರೆ ಎರಡೂ ಸೇರಿ ಒಂದೇ ಹೆಸರು. ಆಗ ಅವನು ಎಲ್ಲ ಕಡೆ ಎರಡನ್ನೂ ಬರೆಯಬೇಕು, ತೆರಿಗೆ ಸಂಖ್ಯೆಯೂ ಬದಲಾಗುತ್ತದೆ. ಆ ಸಂಖ್ಯೆಯಲ್ಲಿ ಹೆಸರಿನಿಂದ ಆರಿಸಿದ ಮೂರು ವ್ಯಂಜನಗಳೂ ಇರುತ್ತವೆ. ಅಂದ್ರೇಯಾ ಒಂದೇ ಇದ್ದರೆ ಅದರಲ್ಲಿ ಎನ್-ಡಿ-ಆರ್ ಬರುತ್ತದೆ, 'ಅಂದ್ರೇಯಾ ನರೇನ್' ಅಂತಿದ್ದರೆ ಎನ್-ಆರ್-ಎನ್. ಅಜ್ಜಿ ಇಟ್ಟ ಹೆಸರು ಪಾಸ್‌ಪೋರ್ಟಿನಲ್ಲಿ ಕಾಣಬೇಕು ಅಂತ ಆಸೆ ಇದ್ದರೆ ಅಲ್ಪವಿರಾಮ ಬೇಡ ಅಂತ ಮಗಳಿಗೆ ಹೇಳಿ. ಹೊರದೇಶದವರ ಅನುಮಾನಕ್ಕೂ ಇದೇ ಮದ್ದು. ಪಕ್ಕದಲ್ಲಿ ಇನ್ನೊಂದು ಗಂಡು ಹೆಸರು ಇದ್ದರೆ ಗೊಂದಲ ಅರ್ಧ ಕಡಿಮೆ.

ಯಾವ ಹೆಸರು ಅಂತ ಆರಿಸುವಾಗ ಇಟಾಲಿಯನ್ನರು ಅದನ್ನು ಹೇಗೆ ಓದುತ್ತಾರೆ ಅಂತ ಯೋಚಿಸಿ. ಅವರಿಗೆ ಹಕಾರ ಇಲ್ಲ, ಹರ್ಷ ಹೋಗಿ ಅರ್ಷ ಆಗುತ್ತಾನೆ. ಚೇತನ್ ಅಂತ ಸಿ-ಎಚ್ ಹಾಕಿ ಬರೆದರೆ ಕೇತನ್ ಅಂತ ಓದುತ್ತಾರೆ. ಗಿರೀಶ್ ಅವರ ಬಾಯಲ್ಲಿ ಜಿರೀಶ್. ರವಿ, ಅರುಣ್, ನರೇನ್ ಇಂಥವು ಸಲೀಸು. ನನ್ನನ್ನು ಕೇಳಿದರೆ ನರೇನ್ ಚೆನ್ನ. ಮೇಲೆ ಹೇಳಿದ ಬೇರಿನ ಸಂಬಂಧ ಇರುವುದರಿಂದ ಎರಡು ಹೆಸರೂ ನಿಜವಾಗಿ ನೆಂಟರು.

ಒಂದು ವಿಷಯ ಮಾತ್ರ ತಡ ಮಾಡಬೇಡಿ. ನಾವು ಹನ್ನೊಂದಕ್ಕೋ ಹನ್ನೆರಡಕ್ಕೋ, ಇಲ್ಲ ಇನ್ನೂ ತಡವಾಗಿ ನಾಮಕರಣ ಇಟ್ಟುಕೊಳ್ಳುತ್ತೇವೆ. ಇಟಲಿಯಲ್ಲಿ ಜನನ ನೋಂದಣಿ ಆಸ್ಪತ್ರೆಯಲ್ಲೇ ಮಾಡಿಸಿದರೆ 3 ದಿನದೊಳಗೆ, ಊರಿನ 'ಕೊಮೂನೆ' ಕಚೇರಿಯಲ್ಲಾದರೆ 10 ದಿನದೊಳಗೆ ಆಗಬೇಕು. ನೋಂದಣಿಯಲ್ಲೇ ಹೆಸರು ಬರೆಸಬೇಕು, ಆಮೇಲೆ ಸೇರಿಸುತ್ತೇವೆ ಅಂದರೆ ಅರ್ಜಿ ಹಾಕಿ ಅಲೆದಾಡಬೇಕಾಗುತ್ತದೆ. ತೊಟ್ಟಿಲ ಶಾಸ್ತ್ರ ನಿಮಗೆ ಬೇಕಾದಾಗ ಮಾಡಿಕೊಳ್ಳಿ. ಎರಡನೇ ಹೆಸರು ಯಾವುದು, ಅಲ್ಪವಿರಾಮ ಬೇಕಾ ಬೇಡವಾ, ಇದನ್ನು ಮಾತ್ರ ಹೆರಿಗೆಗೆ ಮುಂಚೆಯೇ ಮಗಳು ಅಳಿಯನ ಜೊತೆ ಕೂತು ತೀರ್ಮಾನಿಸಿ ಬರೆದಿಟ್ಟುಕೊಳ್ಳಿ.